ಅಳಿವೆಯ ಫೈಲು

ಮೂರನೆಯ ಸಲವೂ ಅದೇ ಪ್ರಶ್ನೆ ತೆರೆಯ ಮೇಲೆ ಬಂದಾಗ ಮುಖೇಶನಿಗೆ ಮೈ ಉರಿಯಿತು. ಈ ಹೆಸರಿನ ಫೈಲು ಈಗಾಗಲೇ ಇದೆ, ಅಸಿಸ್ಟೆಂಟ್ ಅದನ್ನು ತೆರೆದು ಓದಿಲ್ಲ, ಮೇಲೆ ಬರೆದರೆ ಹಳೆಯದು ಅಳಿಸಿಹೋಗುತ್ತದೆ, ಮೊದಲು ಒಂದು ಪ್ರತಿ ತೆಗೆದಿಡಲೇ ಎಂಬ ಪ್ರಶ್ನೆ. ಕೇಳುತ್ತಿದ್ದದ್ದು ಪ್ರೋಗ್ರಾಂ ಬರೆದುಕೊಡುವ ಆ ಎಐ ಅಸಿಸ್ಟೆಂಟ್ ಅಲ್ಲ. ಅದಕ್ಕಾದರೂ ವಿನಯವಿತ್ತು, ಏನು ಹೇಳಿದರೂ 'ಖಂಡಿತ, ಈಗಲೇ ಮಾಡುತ್ತೇನೆ' ಎಂದು ಹೊಸ ಅಳಿಯನಂತೆ ಎದ್ದು ನಿಲ್ಲುತ್ತಿತ್ತು. ಕೇಳುತ್ತಿದ್ದದ್ದು ಅದರ ಮೂಗಿಗೆ ಝಹ್ರಾ ಪೋಣಿಸಿದ್ದ ಮೂಗುದಾರ. ಆಫೀಸಿನಲ್ಲಿ ಎಲ್ಲರೂ ಅದನ್ನು ಕಾವಲು ಎನ್ನುತ್ತಿದ್ದರು. ಕಾವಲಂತೆ. ಹಾಲು ಕುಡಿಯುವ ಬೆಕ್ಕಿಗೂ ಈಗ ಕಾವಲು ಬೇಕು. ಮಾಡಬೇಕಾಗಿದ್ದ ಕೆಲಸವಾದರೂ ಎಂಥದ್ದು? ಹಡಗಿಗೆ ಎಷ್ಟು ಸರಕು ಹೇರಬಹುದೆಂದು ತಿಳಿಸುವ ಲೋಡಿಂಗ್ ಶೀಟಿನ ನೆತ್ತಿಯ ಮೇಲೆ ಕಂಪನಿಯ ಲಾಂಛನ ಕೂರಿಸಬೇಕು, ಅಕ್ಷರ ದಪ್ಪ ಮಾಡಬೇಕು, ಅಳಿವೆಯ ಆಳ ತೋರಿಸಲು ಒಂದು ಚೌಕ ಹಾಕಬೇಕು. ಹದಿನಾರು ವರ್ಷ ಪ್ರೋಗ್ರಾಂ ಬರೆದವನಿಗೆ ಆಫೀಸಿನ ಮುಖ್ಯಸ್ಥೆ ವಿನಿತಾ ಮೇಡಂ ಬೆಳಿಗ್ಗೆ ಬಂದು ಕೊಟ್ಟ ಕೆಲಸ ಅದು, ಮದುವೆಮನೆಯಲ್ಲಿ ಮುದುಕರಿಗೆ ಪನ್ನೀರು ಚಿಮುಕಿಸಲು ಹೇಳಿದ ಹಾಗೆ. ಅದನ್ನೂ ತಾನು ಮಾಡುವುದೇಕೆ ಎಂದು ಅವನು ಅಸಿಸ್ಟೆಂಟಿಗೆ ಒಪ್ಪಿಸಿದ್ದ. ಅಷ್ಟರಲ್ಲಿ ಈ ಕಾಟ. ಪ್ರಶ್ನೆಯ ಕೆಳಗೆ ಫೈಲಿನ ಹೆಸರೂ ಸಣ್ಣ ಅಕ್ಷರದಲ್ಲಿತ್ತು. ಅವನು ಓದಲಿಲ್ಲ. ಕಾವಲಿನ ಸೆಟ್ಟಿಂಗ್ ತೆರೆದು ಅದನ್ನು ಆಫ್ ಮಾಡಿದ. ಅಸಿಸ್ಟೆಂಟ್ ಒಂದೇ ಉಸಿರಿಗೆ ಕೆಲಸ ಮುಗಿಸಿ, ಎಲ್ಲ ಪರೀಕ್ಷೆಗಳೂ ಪಾಸಾಗಿವೆ ಎಂದು ಸಂತೋಷದಿಂದ ತಿಳಿಸಿತು.

ಝಹ್ರಾ ಎದುರಿನ ಸಾಲಿನಲ್ಲಿ, ಕಿಟಕಿಯ ಬಳಿ, ತಲೆ ತಗ್ಗಿಸಿ ಕೂತಿದ್ದಳು. ಆ ತಲೆ ತಗ್ಗಿಸುವುದೇ ಅವನಿಗೆ ಆಗುತ್ತಿರಲಿಲ್ಲ. ಜಂಬ ಮಾಡುವವರನ್ನು ಒಂದು ಮಾತಿನಲ್ಲಿ ಕೆಳಗಿಳಿಸಬಹುದು, ಮೊದಲೇ ಕೆಳಗೆ ಕೂತವರನ್ನು ಏನು ಮಾಡುವುದು? ಬಂದರಿನ ನೂರ್ ಮುಹಮ್ಮದರ ಮಗಳು. ನೂರ್ ಮುಹಮ್ಮದರ ಮಂಜಿಗಳು, ಅಂದರೆ ಲಕ್ಷದ್ವೀಪಕ್ಕೆ ಅಕ್ಕಿ, ಈರುಳ್ಳಿ, ಸಿಮೆಂಟ್ ಒಯ್ಯುವ ಆ ದೊಡ್ಡ ಮರದ ಹಡಗುಗಳು, ಈ ಆಫೀಸಿನ ಹಳೆಯ ಗಿರಾಕಿಗಳು. ಹಾಗಾಗಿ ಗಿರಾಕಿಯ ಮಗಳಿಗೆ ಕುರ್ಚಿ ಸಿಕ್ಕಿತು ಎಂಬುದು ಮುಖೇಶನ ಖಚಿತ ಅಭಿಪ್ರಾಯ. ಅವಳು ಪರೀಕ್ಷೆ ಬರೆದು ಬಂದವಳು ಎಂದು ಯಾರೋ ಹೇಳಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಹೋದ ಸೋಮವಾರದ ಮೀಟಿಂಗಿನಲ್ಲಿ ಅವಳು ಎದ್ದು ನಿಂತು, ಅಸಿಸ್ಟೆಂಟ್ ಯಾವ ಫೈಲನ್ನೂ ಓದದೆ ಅದರ ಮೇಲೆ ಬರೆಯಬಾರದು, ಬರೆಯುವ ಮುಂಚೆ ಪ್ರತಿ ಇಡಬೇಕು, ಮನುಷ್ಯರನ್ನು ಕೇಳಬೇಕು ಎಂದು ತನ್ನ ಕಾವಲನ್ನು ತೋರಿಸಿದಾಗ, ಅವನು ಕುರ್ಚಿಗೆ ಒರಗಿಕೊಂಡೇ, "ಅಡುಗೆಮನೆಗೆ ಹೋಗ್ಲಿಕ್ಕೆ ಹೆಲ್ಮೆಟ್ ಹಾಕುವವರನ್ನು ಇವತ್ತೇ ನೋಡಿದ್ದು ನಾನು," ಎಂದಿದ್ದ. ಎಲ್ಲರೂ ನಕ್ಕರು. ವಿನಿತಾ ಮೇಡಂ ಕೂಡ ತುಟಿ ಒತ್ತಿ ನಕ್ಕರು. ಝಹ್ರಾ ಸಹ ಸ್ವಲ್ಪ ನಕ್ಕು, "ಸರ್, ಕಿರಿಕಿರಿ ಆದ್ರೆ ಆಫ್ ಮಾಡ್ಬಹುದು, ಅದಕ್ಕೂ ಜಾಗ ಇಟ್ಟಿದ್ದೇನೆ," ಎಂದು ಕೂತಳು. ಆ ನಗುವನ್ನು ಅವನು ಇಡೀ ವಾರ ನೆನೆದು ಸವಿದಿದ್ದ. ಮನೆಯಲ್ಲಿ, ಕುಲಶೇಖರದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಹೆಂಡತಿ ಅಶ್ಮಿತಾಳಿಗೂ ಹೇಳಿ ನಗಿಸಲು ನೋಡಿದ್ದ. ಅವಳು ಟೀವಿಯಿಂದ ಕಣ್ಣು ತೆಗೆಯದೆ, "ಪಾಪದ ಹುಡುಗಿ, ನಿಮಗೆ ಎಂತ ಮಾಡಿದ್ಲು?" ಎಂದಳು. ಹಾಸ್ಯಪ್ರಜ್ಞೆ ಇಲ್ಲದ ಮನೆತನ ಅದು.

ಹನ್ನೊಂದರ ಹೊತ್ತಿಗೆ ಹೊಸ ಲಾಂಛನ ಹೊತ್ತ ಶೀಟು ತಾನಾಗಿ ನೂರ್ ಮುಹಮ್ಮದರ ಫೋನಿಗೆ ಹೋಯಿತು. ಮಂಜಿ ಇವತ್ತು ಸಂಜೆಯ ಉಬ್ಬರಕ್ಕೆ ಹೊರಡುವುದು. ಸರಕು ಹೇರುವ ದಕ್ಕೆಯಿಂದ ಹೊರಟು ನದಿ ಸಮುದ್ರ ಸೇರುವ ಅಳಿವೆಬಾಗಿಲನ್ನು ದಾಟಬೇಕು. ಅಲ್ಲಿ ಮಳೆಗಾಲ ಕಳೆದಾಗಲೆಲ್ಲ ಮರಳು ಹೊಸ ಹೊಸ ಕಡೆ ದಿಬ್ಬ ಹಾಕಿಕೊಂಡು ಕೂರುತ್ತದೆ. ಎಷ್ಟು ಭಾರ ಹೇರಿದರೆ ಮಂಜಿಯ ತಳ ಮರಳಿಗೆ ತಾಗದೆ ದಾಟುತ್ತದೆ ಎಂದು ಹೇಳುವುದೇ ಶೀಟಿನ ಕೆಲಸ. ತಾಗಿದರೆ ಅಲೆ ಬಂದು ಅಡ್ಡ ಮಲಗಿಸುತ್ತದೆ. ಹಾಗೆ ಮಲಗಿದ ಮಂಜಿಯಿಂದ ಎಲ್ಲರೂ ಈಜಿ ಬರುವುದಿಲ್ಲ. ಉಬ್ಬರದ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ಮರಳಿನ ಲೆಕ್ಕ ಮಾತ್ರ ಒಂದೇ ಫೈಲಿನಲ್ಲಿತ್ತು, ಅದು ಮುಖೇಶನದು. ಪ್ರತಿ ವರ್ಷ ಮಳೆ ನಿಂತ ಮೇಲೆ ದೋಣಿ ಹತ್ತಿ ಹೋಗಿ, ಹಗ್ಗ ಬಿಟ್ಟು ಆಳ ನೋಡಿ, ಗಾಳಿಗೆ ಇಷ್ಟು, ಅಮಾವಾಸ್ಯೆಗೆ ಇಷ್ಟು ಎಂದು ಕಳೆದು ಕೂಡಿಸಿ ಅವನು ಕಟ್ಟಿದ್ದ ಫೈಲು. ಆಫೀಸಿನ ಉಳಿದ ಫೈಲುಗಳೆಲ್ಲ ಗಿಟ್‌ನಲ್ಲಿದ್ದವು. ಯಾರು ಏನು ತಿದ್ದಿದರೂ ಹಳೆಯ ರೂಪ ಅಲ್ಲಿ ಉಳಿದೇ ಇರುತ್ತದೆ. ಅಳಿವೆಯ ಫೈಲನ್ನು ಮಾತ್ರ ಅವನು ಗಿಟ್‌ಗೆ ಸೇರಿಸಿರಲಿಲ್ಲ. ಸರ್ವರಿನ ತನ್ನ ಫೋಲ್ಡರಿನಲ್ಲಿ, ಪ್ರತಿ ದಿನದ ಬ್ಯಾಕಪ್ಪಿನ ಕಣ್ಣೂ ಬೀಳದ ಹಾಗೆ ಇಟ್ಟಿದ್ದ. ಕೇಳಿದವರಿಗೆ ಗಿರಾಕಿಯ ಗುಟ್ಟು ಎನ್ನುತ್ತಿದ್ದ. ನಿಜವೇನೆಂದರೆ, ಗಿಟ್‌ಗೆ ಹಾಕಿದ ಮರುದಿನ ಯಾವನೋ ಎಳಸು ಹುಡುಗ ಅದನ್ನು ತೆರೆದು ಓದಿ, ಅರ್ಥ ಮಾಡಿಕೊಂಡು, 'ಇಷ್ಟೇಯಾ?' ಎಂದುಬಿಟ್ಟರೆ? ಆ ಒಂದು ಮಾತಿನ ಭಯಕ್ಕೆ ಫೈಲು ಇಷ್ಟು ವರ್ಷ ಹೆರಿಗೆ ಕೋಣೆಯಲ್ಲೇ ಉಳಿಯಿತು. ಈ ಆಫೀಸಿನಲ್ಲಿ ತಾನಿಲ್ಲದೆ ನಡೆಯದ ಸಂಗತಿ ಅಂತ ಅವನಿಗೆ ಉಳಿದಿದ್ದದ್ದೂ ಅದೊಂದೇ.

ಊಟಕ್ಕೆ ಏಳುವ ಮುನ್ನ, ಲಾಂಛನ ನೆಟ್ಟಗೆ ಕೂತಿದೆಯೇ ನೋಡೋಣವೆಂದು ಅವನು ಕಳಿಸಿದ ಶೀಟನ್ನು ತೆರೆದ. ಲಾಂಛನ ನೆಟ್ಟಗಿತ್ತು. ಕೆಳಗೆ ಹೇರಬಹುದಾದ ಭಾರ ಹೋದ ಸಲಕ್ಕಿಂತ ಇಪ್ಪತ್ತು ಟನ್ ಹೆಚ್ಚಿತ್ತು. ಮೊದಲು ಅವನಿಗೆ ಬಂದದ್ದು ನಗು: ಮರಳು ಎದ್ದು ಹೋಯಿತೇ? ಆಮೇಲೆ ಅಳಿವೆಯ ಫೈಲು ತೆರೆದ. ಅದೇ ಹೆಸರು, ಅದೇ ಜಾಗ. ಒಳಗೆ ಬೇರೆ ಯಾರದೋ ಸಂಸಾರ. ಅಂದವಾದ ಸಾಲುಗಳು, ಸರಿಯಾದ ಇಂಗ್ಲಿಷಿನಲ್ಲಿ ಟಿಪ್ಪಣಿಗಳು, ಉಬ್ಬರದ ಪಟ್ಟಿಯಿಂದ ಆಳ ತೆಗೆದು ಚೌಕದೊಳಗೆ ಹಾಕುವ ಒಂದು ಪುಟ್ಟ ಲೆಕ್ಕ. ಮರಳೇ ಇಲ್ಲ. ಗಾಳಿ ಇಲ್ಲ, ಅಮಾವಾಸ್ಯೆ ಇಲ್ಲ. ಹೊಸ ಚೌಕಕ್ಕೊಂದು ಫೈಲು ಬೇಕಿತ್ತು, ಅಳಿವೆ ಎಂಬ ಹೆಸರು ಅಸಿಸ್ಟೆಂಟಿಗೂ ಹೊಳೆಯಿತು, ಇದ್ದದ್ದರ ಮೇಲೆಯೇ ಬರೆಯಿತು. ಹಳೆಯದು ಎಲ್ಲಿ ಎಂದು ಅವನು ಟೈಪ್ ಮಾಡಿ ಕೇಳಿದ. 'ಕ್ಷಮಿಸಿ, ನೀವು ಹೇಳಿದ್ದು ಸರಿ. ನಾನು ಹಿಂದಿನ ಫೈಲನ್ನು ಓದದೆ ಬದಲಾಯಿಸಿದ್ದೇನೆ. ನಿಮ್ಮ ಬಳಿ ಪ್ರತಿ ಇದ್ದರೆ ಕೊಡಿ, ಮರಳಿ ಹಾಕುತ್ತೇನೆ' ಎಂದಿತು. ಪ್ರತಿ! ಅಪ್ಪಿ, ಅವನ ತಾಯಿ, ವೀಸಿಆರ್‌ನ ಮುಂದೆ ನೆಲದ ಮೇಲೆ ಕೂತು ಇದೇ ಮಾತು ಕೇಳಿದ್ದಳು: ಇನ್ನೊಂದು ಕ್ಯಾಸೆಟ್ ಮಾಡಿಸಿಲ್ಲವೇ ಎಂದು. ಅಕ್ಕನ ಮದುವೆಯ ಕ್ಯಾಸೆಟ್ ಅದು. ಫೋಟೋದವನು ಮೇಲೆ ಯಾರೂ ರೆಕಾರ್ಡ್ ಮಾಡದ ಹಾಗೆ ಬೆನ್ನಿನ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿದೇ ಕೊಟ್ಟಿದ್ದ. ಅಣ್ಣ ಹಿತೇಶ ಆ ತೂತಿಗೆ ಟೇಪು ಅಂಟಿಸಿ ಕ್ರಿಕೆಟ್ ಮ್ಯಾಚು ತುಂಬಿಸಿಬಿಟ್ಟ. ಧಾರೆಯ ನೀರು ಬೀಳುವ ಹೊತ್ತಿಗೆ ಯಾರೋ ಔಟಾಗಿ ಬ್ಯಾಟು ಹೊತ್ತು ನಡೆಯುತ್ತಿದ್ದ. ಅಜ್ಜಿ ದೇಯಿ ವೀಳ್ಯ ಮೆಲ್ಲುತ್ತಾ ಕ್ಯಾಮೆರಾಕ್ಕೆ ಬೈಯುವುದು ಆ ಕ್ಯಾಸೆಟಿನಲ್ಲಿ ಮಾತ್ರ ಇತ್ತು, ಅಜ್ಜಿ ಆ ಹೊತ್ತಿಗೆ ತೀರಿಹೋಗಿದ್ದಳು. ಅಂದಿನಿಂದ ಮುಖೇಶನಿಗೆ ಅಣ್ಣನೆಂದರೆ ಅಸಡ್ಡೆ. ದುಬೈಯಿಂದ ಬರುವಾಗ ಅಣ್ಣ ತರುವ ಸೆಂಟಿನ ಬಾಟಲಿ, ಅಣ್ಣನ ಹೊಟ್ಟೆ, ಅಣ್ಣನ ವಾಚು, ಎಲ್ಲವನ್ನೂ ಅವನು ಆ ಟೇಪಿನ ತುಂಡಿನ ಮೂಲಕವೇ ನೋಡಿದ್ದ. ಕಂಪ್ಯೂಟರಿನ ಮುಂದೆ ಕೂತು ಈಗ ಅವನು ಎಲ್ಲ ಫೋಲ್ಡರುಗಳನ್ನೂ ಒಂದೊಂದಾಗಿ ತೆರೆದ, ಕಸದ ಬುಟ್ಟಿಯನ್ನೂ ತೆರೆದ.

ದಕ್ಕೆಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಲೋಡಿಂಗ್ ಇನ್ನೂ ಮುಗಿದಿರುವುದಿಲ್ಲ, ನಿಲ್ಲಿಸಿ ಎಂದರೆ ಮುಗಿಯಿತು. ಫೋನು ಕೈಯಲ್ಲೇ ಇತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಫೈಲು ಹೋಯಿತು. ಹೇಗೆ ಹೋಯಿತು ಎಂದರೆ ಕಾವಲು ಆಫ್ ಆಗಿತ್ತು. ಯಾರು ಮಾಡಿದ್ದು ಎಂದರೆ, ಹೆಲ್ಮೆಟಿನ ಮಾತು ಹೇಳಿ ನಗಿಸಿದ ಮಹಾನುಭಾವರು. ಅವನು ಎದ್ದು ಊಟಕ್ಕೆ ಹೋದ. ಅತ್ತಾವರದ ಆ ಹೋಟೆಲಿನಲ್ಲಿ ಬಿಳಿ ಕೋಟಿನ ಎಳೆಯ ಡಾಕ್ಟರುಗಳು ಮೇಜಿಗೆ ಐದಾರು ಜನ ಕೂತು, ಮೀನಿನ ಮುಳ್ಳು ಬಿಡಿಸಲೂ ಬಾರದೆ ಫೋನು ನೋಡುತ್ತಿದ್ದರು. ಇಂಥವರ ಕೈಗೆ ನಾಳೆ ಜನರ ಹೊಟ್ಟೆ. ಬಡಿಸುವವನು ಕುಚ್ಚಲಕ್ಕಿ ಅನ್ನ ಸುರಿದು, ಬಂಗುಡೆಯ ಬಾಲದ ತುಂಡೇ ಹಾಕಿದ. ಎಲ್ಲರಿಗೂ ನಡುವಿನ ತುಂಡು, ತನಗೆ ಬಾಲ. ಅದಕ್ಕೂ ಏನೂ ಹೇಳದೆ ಅವನು ಉಂಡ, ನಿಧಾನವಾಗಿ ಉಂಡ, ಎರಡನೆಯ ಸಲ ಸಾರು ಹಾಕಿಸಿಕೊಂಡ. ಮಂಜಿ ನಡೆಸುವ ತಂಡೇಲ ಇದ್ದಾನೆ, ಅವನಿಗೆ ಅಳಿವೆ ಗೊತ್ತಿಲ್ಲವೇ? ಇಪ್ಪತ್ತು ಟನ್ ಏನು ಮಹಾ? ಕಳೆದ ವಾರ ಹೂಳು ತೆಗೆದಿರಲೂಬಹುದು. ಹೀಗೆಲ್ಲ ಯೋಚಿಸುತ್ತಿದ್ದಾಗ ಇನ್ನೊಂದು ಯೋಚನೆ, ಕೊಳಕಾದದ್ದು, ಬಾಳೆ ಎಲೆಯ ಅಡಿಯಿಂದ ಇರುವೆಯ ಹಾಗೆ ಹೊರಬಂತು: ಮಂಜಿ ಸ್ವಲ್ಪ ತಾಗಲಿ. ಯಾರಿಗೂ ಏನೂ ಆಗದೆ, ಸುಮ್ಮನೆ ಮರಳಿಗೆ ತಾಗಿ ನಿಲ್ಲಲಿ. ಆಗ ಗೊತ್ತಾಗುತ್ತದೆ ಈ ಮೇಡಂಗೂ, ಈ ಯಂತ್ರಕ್ಕೂ, ಮುಖೇಶನ ಫೈಲು ಎಂದರೆ ಏನೆಂದು. ಆ ಯೋಚನೆಯನ್ನು ಅವನು ಕೂಡಲೇ ಒರೆಸಲಿಲ್ಲ. ಒಂದೆರಡು ತುತ್ತಿನವರೆಗೆ ಇರಗೊಟ್ಟ. ಹಿತೇಶ ಅವತ್ತು ಏನು ಮಾಡಿದ್ದ? ಕ್ಯಾಸೆಟ್ ಹಾಳಾದದ್ದು ಯಾರಿಗೂ ಗೊತ್ತಾಗುವ ಮೊದಲೇ ಅಡುಗೆಮನೆಗೆ ಹೋಗಿ, "ಅಮ್ಮ, ನಾನು ಮಾಡಿದ್ದು," ಎಂದು ಕಂಬದ ಹಾಗೆ ನಿಂತಿದ್ದ. ದಡ್ಡ. ಸುಮ್ಮನಿದ್ದಿದ್ದರೆ ವೀಸಿಆರ್ ಕೆಟ್ಟಿದೆ ಎನ್ನಬಹುದಿತ್ತು. ಅಮ್ಮ ಅವನ ತಲೆಗೆ ಒಂದು ಕೊಟ್ಟು, ಆಮೇಲೆ ಅದೇ ತಲೆಯನ್ನು ಹಿಡಿದುಕೊಂಡು ಅತ್ತಳು. ತನ್ನ ತಲೆಯನ್ನು ಅವಳು ಹಾಗೆ ಹಿಡಿದುಕೊಂಡ ನೆನಪು ಮುಖೇಶನಿಗೆ ಇರಲಿಲ್ಲ, ಅವನು ಯಾವತ್ತೂ ಏನೂ ತಪ್ಪು ಮಾಡಿದವನಲ್ಲ.

ಕೈ ತೊಳೆದು, ಹೋಟೆಲಿನ ಮೆಟ್ಟಿಲ ಮೇಲೆ ನಿಂತು, ಕೊನೆಗೂ ಫೋನ್ ಮಾಡಿದ. ಆ ಕಡೆಯಿಂದ ಹಮಾಲಿಗಳ ಕೂಗು, ಲಾರಿಯ ಹಾರ್ನು, ಅದರ ಮೇಲೆ ನೂರ್ ಮುಹಮ್ಮದರ ಸಾವಧಾನದ ದನಿ.

"ಹೇಳಿ ಮುಖೇಶಣ್ಣ. ಊಟ ಆಯ್ತಾ?"

"ಕಾಕ, ಲೋಡಿಂಗ್ ಎಲ್ಲಿವರೆಗೆ ಬಂತು?"

"ಮುಗೀತು ಮಾರಾಯ್ರೆ, ಈಗ ಟರ್ಪಾಲು ಕಟ್ತಾ ಇದ್ದಾರೆ. ಈ ಸಲ ಜಾಸ್ತಿ ಉಂಟಲ್ಲ ನಿಮ್ಮ ಶೀಟಲ್ಲಿ. ತಂಡೇಲ ಬೆಳಿಗ್ಗೆಯಿಂದ ಗುರುಗುಟ್ತಾನೆ. ನಾನು ಹೇಳಿದೆ, ಮುಖೇಶಣ್ಣನ ಲೆಕ್ಕ, ಮಾತಾಡ್ಬೇಡ ಅಂತ."

"ಕಾಕ, ಇಳಿಸಿ. ಇಪ್ಪತ್ತು ಟನ್ ಇಳಿಸ್ಬೇಕು."

"ಎಂತ ಹೇಳ್ತೀರಿ? ಇಳಿಸಿದ್ರೆ ಇವತ್ತಿನ ಉಬ್ಬರ ಹೋಯ್ತು. ಈ ಬಿಸಿಲಿಗೆ ಹುಡುಗರು ಈಗಷ್ಟೇ ಹೊತ್ತು ಮುಗಿಸಿ ಕೂತಿದ್ದಾರೆ. ಎಂತಾಯ್ತು?"

ಬಾಯಿ ತೆರೆಯುವಾಗಲೂ ಅವನು ನಿಜ ಹೇಳುವವನೇ ಇದ್ದ. ಹಾಗೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. "ಆ ಎಐ ಉಂಟಲ್ಲ ಕಾಕ, ಅದು ನನ್ನ ಫೈಲನ್ನು ಹಾಳು ಮಾಡಿದ್ದು. ನಾನು ಈಗ ನೋಡಿ ಹಿಡಿದದ್ದು. ಅದನ್ನು ನೋಡಿಕೊಳ್ಳುವುದು ನಮ್ಮ ಝಹ್ರಾ. ಮಕ್ಕಳಲ್ವಾ, ಕಲೀತಾರೆ. ನೀವು ಬೈಬೇಡಿ ಅವಳಿಗೆ."

"ಝಹ್ರನಾ?" ಎಂದರು ನೂರ್ ಮುಹಮ್ಮದ್. ಮತ್ತೆ, "ಆಯ್ತು, ಇಳಿಸ್ತೇವೆ," ಎಂದು ಇಟ್ಟರು. ಫೋನು ಕಿಸೆಗೆ ಹಾಕುವಾಗ ಅವನ ಎದೆ ಹಗುರಾಗಿತ್ತು. ಎಷ್ಟಾದರೂ ಜೀವ ಉಳಿಸಿದ್ದು ತಾನೇ ಅಲ್ಲವೇ?

ಆಫೀಸಿಗೆ ಮರಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ವಿನಿತಾ ಮೇಡಂ ಅವನನ್ನೂ ಝಹ್ರಾಳನ್ನೂ ಗಾಜಿನ ಕೋಣೆಗೆ ಕರೆದರು. ಮೇಡಂನ ಮೇಜಿನ ಮೇಲೆ ಧ್ಯಾನದ ಬುದ್ಧ, ಪಕ್ಕದಲ್ಲಿ ಗೋಡಂಬಿಯ ಡಬ್ಬ. ಸಂಕಟ ಬಂದಾಗ ಡಬ್ಬವೇ ತೆರೆಯುವುದು. "ಮುಖೇಶ್, ನೀವು ಇವತ್ತು ಇಲ್ಲದಿದ್ದರೆ ಎಂತ ಆಗ್ತಿತ್ತು ಮಾರಾಯ್ರೆ! ಎಕ್ಸ್‌ಪೀರಿಯನ್ಸ್ ಅಂದ್ರೆ ಇದೇ. ಝಹ್ರಾ, ನೋಡಿ ಕಲಿಯಿರಿ." ಅವನು ಬುದ್ಧನನ್ನು ನೋಡುತ್ತಾ ಕೂತ. ಹೊಗಳಿಕೆ ಸಿಹಿಯಾಗಿಯೇ ಇತ್ತು. ಹಾಳಾದ ಸಿಹಿಯೂ ಸಿಹಿಯೇ. "ಇನ್ನು ಮುಂದೆ ಹೀಗೆ ಆಗ್ಬಾರ್ದು. ಆ ಮೆಷಿನ್ ಇದ್ದ ಫೈಲಿನ ಮೇಲೆ ಬರೆಯದ ಹಾಗೆ ಎಂತಾದ್ರೂ ಹಾಕ್ಲಿಕ್ಕೆ ಆಗುದಿಲ್ವಾ?"

"ಹಾಕಿ ಉಂಟು ಮೇಡಂ," ಎಂದಳು ಝಹ್ರಾ. "ಹೋದ ವಾರ ತೋರಿಸಿದ್ನಲ್ಲ. ಇವತ್ತು ಬೆಳಿಗ್ಗೆ ಅದು ಆಫ್ ಆಗಿತ್ತು."

"ಯಾರು ಆಫ್ ಮಾಡಿದ್ದು?"

ಝಹ್ರಾ ಅವನ ಕಡೆ ತಿರುಗಿದಳು. ದೂರುವ ನೋಟವಲ್ಲ. ಬಸ್ಸಿನಲ್ಲಿ ಪಕ್ಕದವರು ಸರಿದು ಜಾಗ ಮಾಡಿಕೊಟ್ಟಂತೆ ಅವಳು ಅವನಿಗೆ ಒಂದಿಷ್ಟು ಸಮಯ ಬಿಟ್ಟುಕೊಟ್ಟಳು. ಆಫ್ ಮಾಡಿದವರ ಹೆಸರು ಕಾವಲಿನಲ್ಲಿ ದಾಖಲಾಗುತ್ತದೆ ಎಂಬುದು ಆ ಕ್ಷಣ ಅವನಿಗೆ ನೆನಪಾಯಿತು. ಅದನ್ನೂ ಅವಳು ಸೋಮವಾರ ಹೇಳಿದ್ದಳು, ಅವನು ತನ್ನ ಮುಂದಿನ ಚಟಾಕಿ ಹೊಂದಿಸುತ್ತಿದ್ದ. ಏಸಿ ಗುಂಯ್ಗುಟ್ಟಿತು. ಮೇಡಂ ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡರು. ಈಗ ಹೇಳುತ್ತೇನೆ, ಅವರು ಅಗಿದು ಮುಗಿಸಲಿ ಎಂದುಕೊಂಡ. ಅವರು ಅಗಿದು ಮುಗಿಸಿದರು.

"ಗೊತ್ತಾಗ್ಲಿಲ್ಲ ಮೇಡಂ," ಎಂದಳು ಝಹ್ರಾ. "ನಾನು ಪುನಃ ಆನ್ ಮಾಡಿದ್ದೇನೆ. ಇನ್ನು ಆಫ್ ಮಾಡ್ಲಿಕ್ಕೆ ಇಬ್ಬರು ಒಪ್ಪಬೇಕು, ಹಾಗೆ ಮಾಡಿದ್ದೇನೆ."

ಹೊರಗೆ ಬಂದ ಮೇಲೆ ಅವನಿಗೆ ಸಿಟ್ಟು ಬಂತು, ಅವಳ ಮೇಲೆ. ಏನು ಔದಾರ್ಯ! ನಾಲ್ಕು ದಿನ ಇಟ್ಟುಕೊಂಡು ಯಾವತ್ತೋ ಒಂದು ದಿನ ಬಡ್ಡಿ ಸಮೇತ ಕೇಳುವುದಕ್ಕೆ. ವ್ಯಾಪಾರಸ್ಥರ ರಕ್ತ. ಅಥವಾ ಒಳಗೊಳಗೇ ನಗುತ್ತಿದ್ದಾಳೆ, ತಾನು ಅವಳ ಜಾಗದಲ್ಲಿದ್ದಿದ್ದರೆ ನಗುತ್ತಿದ್ದಂತೆ. ತಿರಸ್ಕಾರದ ಎಲ್ಲ ಜಾತಿಗಳನ್ನೂ ಅವನು ಬಲ್ಲ; ಮೂಗಿನ ತುದಿಯದು, ತುಟಿಯ ಕೊನೆಯದು, ಅತಿ ವಿನಯದ ಒಳಗೆ ಅಡಗಿಸಿ ಕೊಡುವಂಥದು. ಅವಳದ್ದು ಯಾವುದು ಎಂದು ತಿಳಿದುಬಿಟ್ಟರೆ ಉತ್ತರ ಕೊಡಲು ಬರುತ್ತಿತ್ತು. ಸಂಜೆ ಅವಳು ಚೀಲ ಹೆಗಲಿಗೇರಿಸಿ ಲಿಫ್ಟಿನ ಮುಂದೆ ನಿಂತಾಗ ಅವನು ಪಕ್ಕದಲ್ಲಿ ಹೋಗಿ ನಿಂತ.

"ಮೇಡಂ ಕೇಳಿದಾಗ ನೀನು ಯಾಕೆ ಹೇಳಲಿಲ್ಲ?"

ಅವಳು ಲಿಫ್ಟಿನ ಅಂಕಿ ನೋಡುತ್ತಿದ್ದಳು. "ಎಂತ ಸರ್? ಓ ಅದಾ." ತಂದೆಯ ಮಾತೆತ್ತಿದಳು: "ಉಪ್ಪ ಫೋನ್ ಮಾಡಿ ತುಂಬಾ ಬೈದ್ರು ನನಗೆ. ಆಗ ಅವರಿಗೆ ಹೇಳಿದೆ, ಯಾರು ಆಫ್ ಮಾಡಿದ್ದು ಅಂತ."

"ಹೇಳಿದ್ಯಾ?" ಅವನು ಅವಳತ್ತ ತಿರುಗಿದ. "ಅವರು ಎಂತ ಹೇಳಿದ್ರು?"

ಸಿಟ್ಟು, ಬೈಗುಳ, ಇನ್ನು ಆ ಆಫೀಸಿನ ಶೀಟೇ ಬೇಡ ಎಂಬ ಮಾತು, ಯಾವುದಕ್ಕೂ ಅವನು ಸಿದ್ಧನಾದ. ತನ್ನನ್ನು ಎದುರಾಳಿ ಎಂದು ಎಣಿಸಿ ಆಡಿದ ಯಾವ ಮಾತನ್ನೂ ಅವನು ತಾಳಿಕೊಳ್ಳಬಲ್ಲ.

"ಅವರು ಬೈಯುದು ನಿಲ್ಲಿಸಿದ್ರು ಸರ್. ಮತ್ತೆ ಹೇಳಿದ್ರು, ನೀನು ಆಫೀಸಲ್ಲಿ ಅವರ ಹೆಸರು ಎತ್ಬೇಡ ಮಗಳೇ, ಪಾಪ, ಈ ಪ್ರಾಯಕ್ಕೆ ಅವರಿಗೆ ಬೇರೆ ಕಡೆ ಎಲ್ಲಿ ಕೆಲಸ ಸಿಗ್ತದೆ, ಅಂತ."

ಲಿಫ್ಟು ಬಂತು. ಅವನು ಅವಳ ಮುಖವನ್ನು, ತುಟಿಯ ಕೊನೆಯನ್ನು, ಮೂಗಿನ ತುದಿಯನ್ನು ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ಬಸ್ಸು ತಪ್ಪಿದರೆ ಮನೆಗೆ ತಡವಾಗುತ್ತದೆ ಎಂಬ ಆತುರ ಒಂದನ್ನು ಬಿಟ್ಟರೆ ಅಲ್ಲಿ ಅವನಿಗಾಗಿ ಏನೂ ಇರಲಿಲ್ಲ. "ಬರುದಾ ಸರ್?" ಎಂದು ಅವಳು ಬಾಗಿಲು ಮುಚ್ಚದ ಹಾಗೆ ಕೈ ಅಡ್ಡ ಹಿಡಿದು ನಿಂತಳು, ವಯಸ್ಸಾದವರಿಗೆ ಹಿಡಿಯುವ ಹಾಗೆ.